ನೂರನಲವತ್ತಾರರ ದನಿ

ಅನಿಲಗಳನ್ನು ತೂಗುವ ಕೆಲಸವನ್ನು ಮೂವತ್ತನಾಲ್ಕು ವರ್ಷ ವ್ರತದಂತೆ ನಡೆಸಿಕೊಂಡು ಬಂದು, ಈ ತಿಂಗಳ ಕೊನೆಗೆ ವಿದ್ಯುತ್ ಕೇಂದ್ರದ ಪ್ರಯೋಗಾಲಯದಿಂದ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ರಸಾಯನಜ್ಞೆಯವರು, ಕಣ್ಣಿಗೆ ಕಾಣದ್ದಕ್ಕೂ ಭಾರವುಂಟು, ಭಾರವಿದ್ದದ್ದು ಎಲ್ಲೋ ಒಂದು ಕಡೆ ಹೋಗಿ ಕೂತಿರುತ್ತದೆ ಎಂಬ ಅರಿವನ್ನು ಇಲ್ಲಿನ ಎಲ್ಲರಲ್ಲೂ ಮೈಗೂಡಿಸಿದವರು. ಕಡತದಲ್ಲಿ ಅವರ ಹುದ್ದೆಗೆ ಉದ್ದನೆಯ ಹೆಸರಿದೆ. ಕೇಬಲ್ ಜೋಡಿಸುವವರಿಂದ ಹಿಡಿದು ಮುಖ್ಯ ಎಂಜಿನಿಯರರವರೆಗೆ ಎಲ್ಲರ ಬಾಯಲ್ಲಿ ಅವರು ತೂಕದಕ್ಕ.

ಅವರು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯವೆಂದರೆ ಒಂದು ಕಿಟಕಿ, ಒಂದು ತಕ್ಕಡಿ, ಒಂದು ಲೀಟರಿನ ದುಂಡು ಗಾಜಿನ ಬುರುಡೆ. ಬುರುಡೆಯೊಳಗಿನ ಗಾಳಿಯನ್ನು ಪೂರ್ತಿ ಹೀರಿ ತೆಗೆದು ತೂಗುವುದು, ಅನಿಲ ತುಂಬಿ ಮತ್ತೆ ತೂಗುವುದು, ಒತ್ತಡ ಮತ್ತು ತಾಪವನ್ನು ಬರೆದುಕೊಳ್ಳುವುದು. ಆದರ್ಶ ಅನಿಲದ ನಿಯಮದಂತೆ, ಒಂದೇ ತಾಪ, ಒಂದೇ ಒತ್ತಡದಲ್ಲಿ ಯಾವ ಅನಿಲವಾದರೂ ಆ ಬುರುಡೆಯಲ್ಲಿ ಹಿಡಿಸುವ ಅಣುಗಳ ಎಣಿಕೆ ಒಂದೇ. ಇದನ್ನು ಕೆಲಸಗಾರರಿಗೆ ಅವರು ಹೇಳುತ್ತಿದ್ದ ರೀತಿಯೇ ಬೇರೆ: "ಬಸ್ಸಲ್ಲಿ ಸೀಟು ಇಷ್ಟೇ ಅಂತ ಇಟ್ಕೊಳ್ಳಿ. ಒಂದು ಸೀಟಲ್ಲಿ ಒಬ್ಬ ಬ್ರಹ್ಮಚಾರಿನೂ ಕೂರಬಹುದು, ಏಳು ಜನರ ಸಂಸಾರನೂ ಕೂರಬಹುದು. ಸೀಟು ಒಂದೇ, ಟೈರಿಗೆ ಬೀಳೋ ಭಾರ ಒಂದೇನಾ?" ಪರಮಾಣು ಒಬ್ಬ ವ್ಯಕ್ತಿ, ಅಣು ಇಡೀ ಸಂಸಾರ, ಸಂಸಾರದ ಎಲ್ಲರ ತೂಕವನ್ನೂ ಕೂಡಿಸಿ ಗ್ರಾಮಿನಲ್ಲಿ ಹೇಳಿದರೆ ಅದೇ ಮೋಲಾರ್ ತೂಕ ಎಂಬ ಮಾತು ಹೀಗೆ ಓದುಬರಹ ಕಡಿಮೆಯಿದ್ದವರ ತಲೆಯಲ್ಲೂ ನಿಂತಿತು.

ಅವರ ಸೇವೆಯ ಹನ್ನೊಂದನೆಯ ವರ್ಷದ ಒಂದು ಮಧ್ಯಾಹ್ನವನ್ನು ನೆನೆಯದೆ ಈ ಅಭಿನಂದನೆ ಪೂರ್ತಿಯಾಗದು. ಸ್ವಿಚ್ಚುಗಳ ದೊಡ್ಡ ಹಜಾರ. ಸ್ವಿಚ್ಚಿನ ಕಿಡಿ ಆರಿಸಲೆಂದು ಗಂಧಕ, ಫ್ಲೋರಿನ್ ಕೂಡಿದ ಅನಿಲವೊಂದನ್ನು ಅಲ್ಲಿ ಮುಚ್ಚಿದ ಪೆಟ್ಟಿಗೆಗಳಲ್ಲಿ ತುಂಬಿಟ್ಟಿರುತ್ತಾರೆ. ಎತ್ತರದ ಕಿಟಕಿಗಳಿಂದ ಬಿಸಿಲು ಧಾರಾಳವಾಗಿ ಸುರಿಯುತ್ತಿತ್ತು. ನೆಲದಡಿಯ ಕೇಬಲ್ ಕಂದಕಕ್ಕೆ ಕಬ್ಬಿಣದ ಏಣಿಯಲ್ಲಿ ಇಳಿದಿದ್ದ ಕೇಬಲ್ ಜೋಡಿಸುವವನು ಕೇಬಲ್ಲುಗಳ ಸಂಖ್ಯೆಯನ್ನು ಕೂಗಿ ಹೇಳುತ್ತಿದ್ದ. ಮೇಲೆ ಕೂತು ಬರೆದುಕೊಳ್ಳುತ್ತಿದ್ದವನು ಅವನ ಸ್ವಂತ ಅಣ್ಣ. ತೂಕದಕ್ಕನವರು ತುಸು ದೂರದಲ್ಲಿ ತಮ್ಮ ಮಾದರಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದರು.

"ಹದಿನಾಲ್ಕು", "ಹದಿನೈದು" ಎನ್ನುತ್ತ ಕೆಳಗಿನ ದನಿ ದಪ್ಪಗಾಯಿತು. ಹದಿನೇಳಕ್ಕೆ ಅದು ನಡುವಯಸ್ಸಿನ ಯಾರದೋ ದನಿ. ಹತ್ತೊಂಬತ್ತಕ್ಕೆ ಹಳೆಯ ಬಾವಿಯೊಂದು ಬಾಯಿ ತೆರೆದು ಮಾತಾಡಿದಂತೆ.

"ಏನೋ ಇದು, ನಿಮ್ಮ ಮಾವ ಏನಾದ್ರೂ ಇಳಿದುಬಂದ್ರಾ ಒಳಗೆ?" ಎಂದು ಅಣ್ಣ ಛೇಡಿಸಿದ. ಕೆಳಗಿನಿಂದ ನಗು ಬಂತು. ಆ ನಗುವಿನಲ್ಲಿ ಇಪ್ಪತ್ತಾರು ವರ್ಷದ ಹುಡುಗ ಎಲ್ಲಿಯೂ ಇರಲಿಲ್ಲ. ಹಜಾರದಲ್ಲಿ ಎಲ್ಲರೂ ನಕ್ಕರು.

ತಂದೆ ಬೆಳಗ್ಗೆ ಬೆಳಗ್ಗೆ ಪದ್ಯ ಓದುವುದನ್ನು ಕೇಳುತ್ತ ಬೆಳೆದ ಕಿವಿ ತೂಕದಕ್ಕನವರದು. ದನಿ ಒಂದೆಳೆ ಇಳಿದರೂ ಅವರಿಗೆ ತಿಳಿಯುತ್ತಿತ್ತು. ಅವರು ಸೀಸೆ ಕೆಳಗಿಟ್ಟರು. ಅನಿಲ ಪೆಟ್ಟಿಗೆಯ ಮಾಪಕ ಎಲ್ಲಿ ನಿಂತಿದೆಯೆಂದು ಪಕ್ಕದಲ್ಲಿದ್ದ ಕಿರಿಯ ಎಂಜಿನಿಯರರನ್ನು ಕೇಳಿದರು.

"ಬೆಳಗ್ಗೆಯಿಂದ ಇಳೀತಾ ಇದೆ ಮೇಡಂ. ಭಯ ಇಲ್ಲ, ಫ್ಲೋರಿನ್ ಹತ್ತೊಂಬತ್ತು ತಾನೆ, ಗಾಳಿ ಇಪ್ಪತ್ತೊಂಬತ್ತು. ಹಗುರ, ಮೇಲೇರಿ ಹೋಗಿರುತ್ತೆ. ಮೇಲಿನ ಕಿಟಕಿ ತೆಗೆಸಿದ್ದೀನಿ."

"ಹತ್ತೊಂಬತ್ತು ಒಂದು ಪರಮಾಣುವಿನ ಲೆಕ್ಕ ಕಣಪ್ಪ. ಈ ಅನಿಲದ ಒಂದು ಅಣುವಲ್ಲಿರೋದು ಆರು. ಜೊತೆಗೆ ಗಂಧಕದ್ದು ಮೂವತ್ತೆರಡು. ನೂರನಲವತ್ತಾರು. ಅದು ಮೇಲೆ ಹೋಗಿಲ್ಲ, ಅವನ ಹತ್ರ ಕೂತಿದೆ."

ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯಿಲ್ಲ. ಗಾಳಿಗಿಂತ ಐದು ಪಟ್ಟು ಭಾರವಾದದ್ದು ಕಂದಕದಲ್ಲಿ ನೀರಿನಂತೆ ತುಂಬಿ, ಉಸಿರಾಡುವ ಗಾಳಿಯನ್ನು ಹೊರದೂಡಿ, ಅವನ ಗಂಟಲನ್ನು ತನ್ನದಾಗಿಸಿಕೊಂಡು, ಎಣಿಕೆ ತಪ್ಪದೆ ಸಂಖ್ಯೆ ಹೇಳುತ್ತಿತ್ತು. ಇಪ್ಪತ್ತೊಂದರ ಬಳಿಕ ಸಂಖ್ಯೆ ಬರಲಿಲ್ಲ.

ಅಣ್ಣ ಏಣಿಗೆ ಹಾರಿದ. ಅವನಿಗಿಂತ ಮೊದಲೇ ತೂಕದಕ್ಕನವರು ಏಣಿಯ ಬಾಯಿಗೆ ಅಡ್ಡಲಾಗಿ, ಊಟಕ್ಕೆ ಕೂತವರಂತೆ, ಕಾಲು ಮಡಚಿ ಕೂತುಬಿಟ್ಟಿದ್ದರು.

"ಏಳಿ ಅಕ್ಕ, ನನ್ನ ತಮ್ಮ ಒಳಗಿದ್ದಾನೆ."

"ನೀನು ಇಳಿದ್ರೆ ಇಬ್ಬರನ್ನ ಎತ್ತಬೇಕಾಗುತ್ತೆ. ಕಂಪ್ರೆಸರ್ ಪೈಪು ತಾ. ಗಾಳಿ ಇಳಿಸು, ನೀನು ಇಳೀಬೇಡ."

ಆಗ ಅವರ ಮಂಡಿಯ ಕೆಳಗಿನ ಕತ್ತಲೆಯಿಂದ, ಅದೇ ಪಾತಾಳದ ದನಿಯಲ್ಲಿ, ನಿಧಾನವಾಗಿ, "ಅಣ್ಣಾ" ಎಂಬ ಕರೆ ಬಂತು. ಅಣ್ಣನ ಕೈ ಪೈಪಿನ ಮೇಲೆ ನಿಂತುಹೋಯಿತು. ಅಕ್ಕನವರು ಕದಲಲಿಲ್ಲ, ಪೈಪನ್ನು ತಾವೇ ಎಳೆದು ದನಿ ಬಂದ ಕಡೆಗೆ ಇಳಿಸಿದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ರಕ್ಷಣಾ ಸಿಬ್ಬಂದಿ ಬಂದು ಅವನನ್ನು ಎತ್ತಿ ತರಲು ನಾಲ್ಕು ನಿಮಿಷ ಹಿಡಿಯಿತು. ಅವನು ಬದುಕಿದ. ಬಳಿಕ ತೂಕದಕ್ಕನವರು ಬರಿದು ಮಾಡಿದ ಬುರುಡೆಯನ್ನು ದಾರದಲ್ಲಿ ಇಳಿಸಿ, ಕಂದಕದ ಮೂಲೆಯ ಗಾಳಿಯನ್ನು ತುಂಬಿ ತಂದು ತೂಗಿದರು: ಮೋಲಾರ್ ತೂಕ ಎಪ್ಪತ್ತಾರು. ಐದು ಪಾಲಿನಲ್ಲಿ ಎರಡು ಪಾಲು ಆ ಅನಿಲ. ವರದಿಯಲ್ಲಿ ತಪ್ಪನ್ನು ಮುಚ್ಚಲಿಲ್ಲ; ಆದರೆ ಆ ಕಿರಿಯ ಎಂಜಿನಿಯರರನ್ನು ಮರುದಿನದಿಂದ ತಿಂಗಳ ಕಾಲ ಪಕ್ಕದಲ್ಲಿ ಕೂರಿಸಿಕೊಂಡು ಅನಿಲ ತೂಗಿಸಿದರು, ಒಂದು ಬಿರುಸು ಮಾತನ್ನೂ ಆಡಲಿಲ್ಲ.

ಎರಡು ವರ್ಷದ ನಂತರ ಅಣ್ಣ ಒಬ್ಬನೇ ಪ್ರಯೋಗಾಲಯಕ್ಕೆ ಬಂದ. ಸ್ಟೂಲಿನ ಮೇಲೆ ಕೂತು ಹೇಳಿದ: "ಅಕ್ಕ, ಮನೇಲಿ ಅವನು ಪಕ್ಕದ ಕೋಣೆಯಿಂದ ಅಣ್ಣಾ ಅಂತ ಕರೀತಾನೆ. ದನಿ ಸರಿಯಾಗೇ ಇದೆ, ಅದೇ ಭಯ. ಆವತ್ತು ಕೆಳಗಿಂದ ಕರೆದೋನು ಬೇರೆ, ಮೇಲೆ ಬಂದೋನು ಬೇರೆ ಅನ್ಸುತ್ತೆ. ಕರೆದೋನನ್ನ ಅಲ್ಲೇ ಬಿಟ್ಟು ಬಂದ್ವೇನೋ. ನಾನು ಬಾಗಿಲು ತೆಗೆಯಲ್ಲ."

ಇದಕ್ಕೆ ಸಮಾಧಾನದ ಮಾತು ಸಾಕಾಗದೆಂದು ತೂಕದಕ್ಕನವರು ಅರಿತಿದ್ದರು. ತಮ್ಮ ಕೈಯಾರೆ ಒಂದು ತಗಡಿನ ಸೀಟಿಗೆ ರಬ್ಬರ್ ಚೀಲ ಕಟ್ಟಿ, ಒಳಗಾಳಿಯನ್ನು ಹೊರಕ್ಕೆ ದೂಡುವ ಫ್ಯಾನಿನಡಿಯಲ್ಲಿ ಹಿಡಿದರು. ಚೀಲದಲ್ಲಿ ಗಾಳಿ ತುಂಬಿ ಒತ್ತಿದರು. ಸೀಟಿ ಹಕ್ಕಿಯಂತೆ ಕೂಗಿತು. ಆ ಅನಿಲ ತುಂಬಿ ಒತ್ತಿದರು. ಅದೇ ಸೀಟಿ ಕಂದಕದ ದನಿಯಲ್ಲಿ ಗೂ ಎಂದಿತು. ಅಣ್ಣ ಸ್ಟೂಲಿನಿಂದ ಎದ್ದ. ಮೂರನೆಯ ಸಲ ಬರಿ ಗಾಳಿ ತುಂಬಿ ಚೀಲವನ್ನು ಅವನ ಕೈಗೇ ಕೊಟ್ಟರು.

"ಒತ್ತು. ನಡುವೆ ಸೀಟಿ ಬದಲಾಯಿಸಿದ್ನಾ ನಾನು?"

ಅವನು ಒತ್ತಿದ. ಹಕ್ಕಿ ಮರಳಿತು. ಮತ್ತೆ ಮತ್ತೆ, ಚೀಲ ಬರಿದಾಗುವವರೆಗೂ ಒತ್ತಿದ.

ಆ ಸಂಜೆ ಪಕ್ಕದ ಕೋಣೆಯಿಂದ ತಮ್ಮ ಕರೆದಾಗ ಅಣ್ಣ ಕೂಡಲೇ ಏಳಲಿಲ್ಲವಂತೆ. "ಇನ್ನೊಂದ್ಸಲ ಕರಿ" ಎಂದನಂತೆ. ತಮ್ಮ ಕರೆದ. ಅಣ್ಣ ಹೋಗಿ ಬಾಗಿಲು ತೆಗೆದ.

ಇಂಥ ಹಿರಿಯರಿಗೆ ಬಿಡುವು ಸಿಗಲಿ ಎಂದು ಹಾರೈಸುವುದು ಅವರ ಸ್ವಭಾವಕ್ಕೆ ಒಗ್ಗದ ಮಾತು. ಅವರಿಗೆ ದೀರ್ಘವಾದ ಉಸಿರು ದೊರೆಯಲಿ, ತಕ್ಕಡಿಯ ಮುಂದೆ ಅವರ ಕೈ ನಡುಗದಿರಲಿ. ಬಿಸಿಲು ತುಂಬಿದ ಕೋಣೆಗಳ ಕೆಳಗೆ ಏನು ಕೂತಿದೆಯೆಂದು ನಮಗೆ ಹೇಳುವ ಕೆಲಸವನ್ನು ಅವರು ಇನ್ನೂ ಬಹುಕಾಲ ಮಾಡುತ್ತಿರಲಿ.