ಚೀಟಿ ಅಕ್ಕ

ಔಷಧಿ ಅಂಗಡಿಯ ಆ ಹೆಂಗಸನ್ನು ಬೀದಿಯವರೆಲ್ಲ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ತಲೆನೋವಿನ ಮಾತ್ರೆಗೂ ಡಾಕ್ಟರ ಚೀಟಿ ಕೇಳುವ ಆಸಾಮಿ ಅವಳು. ಇವಳೆದುರು ಸೀನುವುದಕ್ಕೂ ಚೀಟಿ ಬೇಕು ಎಂದು ಎದುರಂಗಡಿಯ ಟೈಲರಮ್ಮ ನಗಾಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಮಾತ್ರೆಯನ್ನೂ ಕೊಟ್ಟವಳಲ್ಲ ಎಂಬ ಜಂಬ ಅಕ್ಕನಿಗೆ. ಇರಲಿ ಬಿಡಿ, ಜಂಬಪಡುವಂಥದ್ದೇ.

ಆದರೆ ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಗೆ ಚೀಟಿಯೇ ಬೇಕಿರಲಿಲ್ಲ. ಅಲ್ಲಿನ ಕಾನೂನೇ ಹಾಗಿತ್ತು, ಅವಳಿಗೂ ಗೊತ್ತಿತ್ತು. ಆದರೂ ಕೇಳುತ್ತಿದ್ದಳು. ಮದುವೆಯಾದವರು ಜಗಳವಾಡಿ ತೆಗೆದುಕೊಳ್ಳುತ್ತಿದ್ದರು. ಆಗದವರು ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಹುಡುಗಿಯರಿಗೆ ಸ್ವಲ್ಪ ಬುದ್ಧಿ ಬರಲಿ ಎಂಬುದು ಅವಳ ಎಣಿಕೆ. ಬುದ್ಧಿ ಕಲಿಸಲು ಇವಳನ್ನು ಯಾರು ನೇಮಿಸಿದ್ದರೋ!

ಒಂದು ಮಧ್ಯಾಹ್ನ ಟೈಲರಮ್ಮನ ಮಗಳು ಬಂದಳು. ಹತ್ತೊಂಬತ್ತರ ಹುಡುಗಿ, ಅಕ್ಕನ ಕಣ್ಣೆದುರೇ ಬೆಳೆದವಳು. ಮೊದಲು ಗಂಟಲುನೋವಿನ ಗುಳಿಗೆ ಕೇಳಿದಳು. ಉಳಿದ ಗಿರಾಕಿಗಳು ಹೋಗುವ ತನಕ ಬಾಚಣಿಗೆಗಳನ್ನು ತಿರುವಿಹಾಕುತ್ತ ನಿಂತು, ಆಮೇಲೆ ಮೆಲ್ಲಗೆ ಆ ಮಾತ್ರೆಯ ಹೆಸರು ಹೇಳಿದಳು. ಗೆಳತಿಗಂತೆ.

"ಚೀಟಿ ತಗೊಂಡು ಬಾ," ಎಂದಳು ಅಕ್ಕ. "ಇಲ್ಲಾಂದ್ರೆ ನಿಮ್ಮಮ್ಮನ್ನೇ ಕಳ್ಸು."

ಹುಡುಗಿ ಗಂಟಲಿನ ಗುಳಿಗೆಯಷ್ಟನ್ನೇ ಹಿಡಿದು ಹೋದಳು. ಆ ಮಾತ್ರೆ ಕೆಲಸ ಮಾಡುವ ಮೂರು ದಿನವೂ ಕಳೆದುಹೋಯಿತು. ಎರಡು ತಿಂಗಳ ಮೇಲೆ, ಕದ್ದುಮುಚ್ಚಿ ಗರ್ಭ ಇಳಿಸುವವಳೊಬ್ಬಳ ಕೈಗೆ ಸಿಕ್ಕಿ, ರಕ್ತ ನಿಲ್ಲದೆ, ಆಸ್ಪತ್ರೆಯ ಬಾಗಿಲಲ್ಲೇ ತೀರಿಕೊಂಡಳು.

ಅಂದಿನಿಂದ ಅಕ್ಕ ಆ ಮಾತ್ರೆಗೆ ಚೀಟಿ ಕೇಳಿಲ್ಲ. ಗಂಟಲಿನ ಗುಳಿಗೆ ಕೊಂಡು ಸುಮ್ಮನೆ ನಿಂತ ಹುಡುಗಿಯರನ್ನು ಕಂಡರೆ ತಾನೇ ಒಳಗೆ ಕರೆದು ವಿಚಾರಿಸುತ್ತಾಳೆ, ನುಂಗಲು ನೀರೂ ಕೊಡುತ್ತಾಳೆ. ಹೆಸರೊಂದು ಹಾಗೇ ಉಳಿದಿದೆ. ಯಾರಾದರೂ ಚೀಟಿ ಅಕ್ಕ ಎಂದರೆ ತಲೆಯೆತ್ತದೆ ಕಪಾಟಿನ ಕಡೆ ತಿರುಗುತ್ತಾಳೆ.

ಟೈಲರಮ್ಮ ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆ ಬರುತ್ತಾಳೆ. ಈಗ ತಮಾಷೆಯಿಲ್ಲ, ಮರೆಯದೆ ಚೀಟಿ ತಂದು ಮುಂದಿಡುತ್ತಾಳೆ. ಅವತ್ತು ನಿನ್ನ ಮಗಳು ಬಂದಿದ್ದಳು ಎಂದು ಹೇಳಿಬಿಡಬೇಕೆಂದು ಪ್ರತಿ ಸಲವೂ ಅಕ್ಕನ ನಾಲಿಗೆಯ ತುದಿಗೆ ಬರುತ್ತದೆ. ಆ ಸೊರಗಿದ ಮುಖ ನೋಡಿ ನುಂಗಿಕೊಳ್ಳುತ್ತಾಳೆ. ಮೊನ್ನೆ ಟೈಲರಮ್ಮ ಪೊಟ್ಟಣ ಕೈಯಲ್ಲಿ ಹಿಡಿದು ಅಲ್ಲೇ ನಿಂತಳು.

"ಅವಳಿಗೆ ನನ್ ಹತ್ರ ಹೇಳೋಕೆ ಹೆದರಿಕೆ ಆಗಿರ್ಬೇಕು, ಸರಿ. ರಸ್ತೆ ದಾಟಿ ನಿನ್ ಹತ್ರನಾದ್ರೂ ಬರ್ಬಾರ್ದಿತ್ತಾ? ನೀನು ಕೊಡ್ತಿದ್ದೆ ಅಲ್ವಾ?"

ಅಕ್ಕ ಅವಳ ಚೀಟಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಹೂಂ," ಎಂದಳು. "ಕೊಡ್ತಿದ್ದೆ."