ಆಸ್ಪತ್ರೆಯ ಹಳೆಯ ಬ್ರೌಸರ್

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ವಿದೇಶದಲ್ಲಿ, ಹೌನ್ಸ್ಲೋದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಆಸ್ಪತ್ರೆಗಳಲ್ಲಿ ಯಾರಿಗೆ ಯಾವ ಪಾಳಿ, ಯಾರಿಗೆ ಯಾವತ್ತು ರಜೆ ಎಂದು ತೋರಿಸುವ ಸಾಫ್ಟ್‌ವೇರ್ ನಮ್ಮದು. ಅದನ್ನು ಬ್ರೌಸರಿನಲ್ಲಿ ತೆರೆಯಬೇಕಿತ್ತು. ಹಲವು ಆಸ್ಪತ್ರೆಗಳಲ್ಲಿ ಇನ್ನೂ ಏಳೆಂಟು ವರ್ಷ ಹಳೆಯ ಬ್ರೌಸರೇ ಇತ್ತು. ನಾವು ಹೊಸದೇನು ಮಾಡಿದರೂ ಅದರಲ್ಲಿ ಬಟನ್ನುಗಳು ಒಂದರ ಮೇಲೊಂದು ಕೂರುತ್ತಿದ್ದವು. ಅದನ್ನು ಸರಿಮಾಡುವುದರಲ್ಲೇ ನನ್ನ ಅರ್ಧ ವಾರ ಹೋಗುತ್ತಿತ್ತು.

ಹಳೆಯ ಬ್ರೌಸರಿಗೆ ಹೊಂದಿಸುವುದನ್ನು ಕೈಬಿಡೋಣವೇ ಬೇಡವೇ, ನೀನೇ ಯೋಚಿಸಿ ಬರೆದುಕೊಡು ಎಂದರು ಮ್ಯಾನೇಜರ್. ಮೂರು ತಿಂಗಳಲ್ಲಿ ಬಿಡೋಣ ಎಂದು ಬರೆದೆ. ಹೊಸ ಬ್ರೌಸರ್ ಹಾಕಿಕೊಳ್ಳಲು ಹತ್ತು ನಿಮಿಷ ಸಾಕು ಎಂದೂ ಸೇರಿಸಿದೆ.

ಆ ಭಾನುವಾರ ಸ್ಟ್ಯಾನ್ಮೋರ್‌ನಲ್ಲಿ ನನ್ನ ಗಂಡನ ಅಕ್ಕನ ಮನೆಯಲ್ಲಿ ಊಟ. ಧಾರವಾಡದಲ್ಲಿ ಬೆಳೆದ ಅವರು ಮಕ್ಕಳ ಡಾಕ್ಟರು. ಅವರ ಆಸ್ಪತ್ರೆಯಲ್ಲೂ ನಮ್ಮ ಸಾಫ್ಟ್‌ವೇರೇ. ನಾನು ಹುರುಪಿನಿಂದ ವಿಷಯ ಹೇಳಿದೆ.

"ಹೊಸಾದು ಯಾರು ಹಾಕ್ಬೇಕವಾ?" ಎಂದರು.

"ನೀವೇ ಡೌನ್‌ಲೋಡ್ ಮಾಡ್ಕೋಬೋದಲ್ಲ ಅಕ್ಕಾ."

"ನಾನ? ವಾರ್ಡಿನ ಕಂಪ್ಯೂಟರ್‌ದಾಗ ಗಡಿಯಾರ ಹಿಂದ ಅದ. ಅದನ್ನ ಸುದ್ದಾ ಸರಿಮಾಡ್ಲಿಕ್ಕೆ ಬಿಡಂಗಿಲ್ಲ, ಪಾಸ್‌ವರ್ಡ್ ಕೇಳ್ತದ. ನನ್ನ ಡ್ಯೂಟಿ ಯಾವಾಗಂತ ನಾ ಹೆಂಗ ನೋಡ್ಲಿ, ಹೇಳು?"

ನನಗೆ ಮುಜುಗರವಾಯಿತು. ಬರೆಯುವ ಮೊದಲು ಆಸ್ಪತ್ರೆಯವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ.

ಸೋಮವಾರ ಆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದೆ. ಅಲ್ಲಿನವರು ನಿಧಾನವಾಗಿ ವಿವರಿಸಿದರು. ಎಕ್ಸ್‌ರೇ ನೋಡುವ ಪ್ರೋಗ್ರಾಂ ಆ ಹಳೆಯ ಬ್ರೌಸರಿನಲ್ಲಿ ಮಾತ್ರ ನಡೆಯುತ್ತದೆ. ಅದಕ್ಕೆ ಬದಲಿ ಬರುವುದು ಮುಂದಿನ ಬೇಸಿಗೆಗೆ. ಅಲ್ಲಿಯವರೆಗೆ ಏನನ್ನೂ ಮುಟ್ಟುವಂತಿಲ್ಲ. ಕೊನೆಗೆ, "ಕೇಳಿದ್ದಕ್ಕೆ ಥ್ಯಾಂಕ್ಸ್. ಬೇರೆ ಕಂಪನಿಯವರು ನೋಟಿಸ್ ಕಳಿಸಿ ಸುಮ್ಮನಾಗುತ್ತಾರೆ" ಎಂದರು.

ಕೊಟ್ಟಿದ್ದ ಕಾಗದ ವಾಪಸು ತೆಗೆದುಕೊಂಡು ಬೇರೆಯದೇ ಬರೆದೆ. ಪಾಳಿ ನೋಡುವ ಪುಟ, ರಜೆ ಕೇಳುವ ಪುಟ, ಇವೆರಡು ಮಾತ್ರ ಹಳೆಯದರಲ್ಲಿ ನಡೆಯಲಿ. ಹೊಸ ಸೌಲಭ್ಯ ಯಾವುದೂ ಅಲ್ಲಿಗೆ ಬೇಡ.

"ಆ ಎರಡು ಪುಟ ನೋಡಿಕೊಳ್ಳೋದು ನಿನ್ನ ತಲೆಗೇ ಬರುತ್ತೆ, ನೋಡು" ಎಂದರು ಮ್ಯಾನೇಜರ್.

ಬರಲಿ ಎಂದೆ. ಬಂತು ಕೂಡ. ಹಾಗೆ ಬರೆದ ನನ್ನನ್ನೇ ಎಷ್ಟೋ ಸಲ ಬೈದುಕೊಂಡೆ. ಬೇಸಿಗೆಗೆ ಎಂದಿದ್ದು ಅಕ್ಟೋಬರ್‌ವರೆಗೆ ಎಳೆಯಿತು. ಉಳಿದ ಆಸ್ಪತ್ರೆಗಳು ಅಷ್ಟರಲ್ಲಿ ಬದಲಿಸಿದ್ದವು; ಕೊನೆಗೆ ಅವರೂ ಬ್ರೌಸರ್ ಬದಲಿಸಿದ ವಾರವೇ ಆ ಪುಟಗಳ ಹಳೆಯ ರೂಪವನ್ನು ಅಳಿಸಿದೆ. ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿ, ಡ್ಯೂಟಿ ನೋಡುವಾಗ ಏನಾದರೂ ತೊಂದರೆಯಾಯಿತೇ ಎಂದು ಕೇಳಿದೆ.

"ಇಲ್ಲಲ್ಲ. ಅಕ್ಷರ ಒಂಚೂರು ದೊಡ್ಡು ಆಗ್ಯಾವ. ಯಾಕ?"

ಏನಿಲ್ಲ ಎಂದೆ. ಆಮೇಲೆ ದೀಪಾವಳಿಗೆ ಯಾರ ಮನೆಯಲ್ಲಿ ಸೇರುವುದು ಎಂಬ ಮಾತಿಗೆ ಹೊರಳಿದೆವು.