ಬಿಸಿಲು ಕುಡಿದ ಸೆಲ್ಲು

ನಾನು ನೀರಿನ ಮೋಟರ್ ರಿಪೇರಿ ಮಾಡುವವನು. ನಿಡಘಟ್ಟದ ಒಂದು ಮನೆಗೆ ಹೋದಾಗ ಅಂಗಳದ ಚಾಪೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಅದರ ಪಕ್ಕದಲ್ಲೇ ಎರಡು ಟಾರ್ಚ್ ಸೆಲ್ಲು.

"ಇವ್ಯಾಕಜ್ಜಿ ಇಲ್ಲಿ?" ಅಂದೆ.

"ವೀಕಾಗ್ಬುಟ್ಟಿದ್ವು ಕಣಪ್ಪ. ಬಿಸ್ಲಿಗಿಟ್ರೆ ಇನ್ನೊಂದ್ ವಾರ ಬತ್ತವೆ," ಅಂದರು ಮನೆಯ ಅಜ್ಜಿ.

ಬುದ್ಧಿ ಹೇಳುವುದು ನನ್ನ ಚಟ. ಸೆಲ್ಲು ಕೊಂಡು ಬಿಸಾಡುವ ಕಾಲ ಹೋಯಿತು, ನನ್ನ ಥರ ರೀಚಾರ್ಜ್ ಟಾರ್ಚ್ ಇಟ್ಟುಕೊಳ್ಳಿ, ಕರೆಂಟಿಗೆ ಸಿಕ್ಕಿಸಿದರೆ ಸಾಕು ಅಂತ ಭಾಷಣ ಬಿಗಿದೆ.

"ಕರೆಂಟು ಓದಾಗ ಬೇಕು ಅಂತ ತಾನೇ ಟಾರ್ಚು? ಅದ್ಕೂ ಕರೆಂಟೇ ಬೇಕು ಅಂದ್ರೆ ಎಂಗಪ್ಪ?"

ಗತ್ತಿನಿಂದ ಸಂಪಿನ ಮುಚ್ಚಳ ತೆಗೆದು, ಒಳಗೆ ಬಗ್ಗಿ ನನ್ನ ಟಾರ್ಚ್ ಒತ್ತಿದೆ. ಮಿಣುಕಿ ಆರಿಹೋಯಿತು. ಹಿಂದಿನ ದಿನವೆಲ್ಲ ನಮ್ಮ ಬೀದಿಯಲ್ಲಿ ಕರೆಂಟಿರಲಿಲ್ಲ.

ಅಜ್ಜಿ ಇನ್ನೂ ಬಿಸಿಯಾಗಿದ್ದ ಸೆಲ್ಲುಗಳನ್ನು ತಮ್ಮ ಹಳೇ ಟಾರ್ಚಿಗೆ ತುಂಬಿ ಕೈಗಿಟ್ಟರು. ಸಂಪಿನ ತಳದವರೆಗೂ ಬೆಳಕು ಬಿತ್ತು.

ಕೆಲಸ ಮುಗಿಸಿ ಎದ್ದಾಗ ಕೇಳಿದರು: "ಚಾಪೆ ಮ್ಯಾಲೆ ಇನ್ನೂ ಜಾಗ ಅದೆ. ನಿಂದೂ ಮಡಗ್ಲಾ?"

ಮಡಗಿಸಿದೆನೋ ಇಲ್ಲವೋ, ಅದನ್ನು ಮಾತ್ರ ಕೇಳಬೇಡಿ.